ಗಡಿಯಾಚಿ ಅಕ್ಕ, ಗಡಿಯೀಚಿ ದವಾಖಾನಿ

ಓದಾವ್ರಿಗೆಲ್ಲಾ ಶರಣ್ರಿ. ನಾ ಸಾಲಿ ಕಲ್ತಿದ್ದು ಬಾಳ ತಡಾ ಆಗಿ, ಮೊಬೈಲ್‌ನ್ಯಾಗ ಒಂದೊಂದ ಅಕ್ಷರ ಹುಡುಕಿ ಒತ್ತಾಕತ್ತೀನಿ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನಮ್ಮೂರು ಕಾಗವಾಡ ಕಡೆ. ಅಕ್ಕನ್ನ ಕೊಟ್ಟಿದ್ದು ಗಡಿಯಾಚಿ, ಮಹಾರಾಷ್ಟ್ರದಾಗ. ನಡುವ ಬರೇ ಕಬ್ಬಿನ ಹೊಲ. ಆಕಿ ಕಿಡ್ನಿ ಕೆಟ್ಟಾವು, ವಾರಾ ವಾರಾ ಡಯಾಲಿಸಿಸ್ ಆಗಬೇಕು. ಹೋದ ಮಳಿಗಾಲದಾಗ ಅವರ ಕಡೆ ದವಾಖಾನಿ ಮಶೀನ್ ಕೆಟ್ಟ ಕುಂತಿತು. ಅಕ್ಕನ ಕಾಲು ಬಾತು, ಉಸರು ಹಿಡ್ಯಾಕತ್ತಿತು. ರಿಕ್ಷಾದಾಗ ಹಾಕ್ಕೊಂಡು ನಮ್ಮ ಕಡೆ ದವಾಖಾನಿಗೆ ತಂದೆ.

ಕೌಂಟರಿನವ ಆಧಾರ್ ಕಾರ್ಡ್ ನೋಡಿ ತಿರುಗಿ ಕೊಟ್ಟ. "ವಿಳಾಸ ಆ ರಾಜ್ಯದ್ದು. ಇಲ್ಲಿ ನಡಿಯಂಗಿಲ್ಲ."

"ಇಲ್ಲೇ ಹುಟ್ಟಿದಾಕಿ ರೀ. ಮದವಿ ಮಾಡಿ ಕೊಟ್ರ ರಕ್ತಾ ಬ್ಯಾರೆ ಆಗ್ತೈತೇನ್ರಿ?"

"ನನಗೇನ ಹೇಳ್ತಿ? ರೂಲ್ ಐತಿ."

ಆಗಷ್ಟ ಪೇಪರ್‌ನ್ಯಾಗ ಓದಿದ್ದೆ. ಯುರೋಪಿನಾಗೂ ಹಿಂಗ ಗಡಿ ಗಡಿಗೆ ಫರಕ ಐತಂತ. ಒಂದು ದೇಶದವ್ರು ಬಾಳ ವರ್ಷ ಬದುಕತಾರ, ಬಡ ದೇಶದವ್ರು ಲಗೂನ ಸಾಯ್ತಾರ. ಆದ್ರ ಅವರು ಕೂಡಿ ಕುಂತು ಮಾತಾಡ್ಯಾರ, ಒಬ್ರ ಕಾರ್ಡ್ ಇನ್ನೊಬ್ರ ದವಾಖಾನ್ಯಾಗ ನಡಿತೈತಿ. ಅದನ್ನ ಜೋರಾಗೇ ಹೇಳಿದೆ.

"ಹಂಗಾರ ಅಕ್ಕನ್ನ ಯುರೋಪಿಗೇ ಕರ್ಕೊಂಡ ಹೋಗಪಾ," ಅಂದ. ಪಾಳೇದಾಗ ನಿಂತವ್ರೆಲ್ಲಾ ನಕ್ಕರು.

ನಾ ಸರೀಲಿಲ್ಲ. ಕೌಂಟರ್ ಹಿಡ್ಕೊಂಡು ಅಲ್ಲೇ ನಿಂತೆ. ಆಗ ನಮ್ಮ ಕಡೆ ಐನಾಪುರದ ಆಯಿ ಒಬ್ಬಾಕಿ ಎದ್ಲು. "ಏನ ನಗತೀರೋ? ನನ್ನ ಸೊಸಿಗೆ ಬ್ಯಾನಿ ಎದ್ದಾಗ ಗಡಿ ದಾಟೇ ಓಡಿದ್ವಿ. ಯಾವ ರಾಜ್ಯದಾಕಿ ಅಂತ ಅವ್ರು ಕೇಳ್ಕೋತ ಕುಂತಿದ್ರ ನನ್ನ ಮೊಮ್ಮಗಳು ಇರ್ತಿದ್ಲೇನು?"

ನಗು ನಿಂತಿತು. ಗದ್ದಲ ಕೇಳಿ ಡಾಕ್ಟರಮ್ಮ ಹೊರಗ ಬಂದ್ರು. ಅಕ್ಕನ ಕಾಲ ಒತ್ತಿ ನೋಡಿದ್ರು, ಬಟ್ಟು ಒತ್ತಿದಲ್ಲಿ ತಗ್ಗು ಹಂಗ ಉಳೀತು. "ಮೊದಲ ಒಳಗ ತಗೋರಿ," ಅಂದ್ರು.

"ಇವತ್ತಷ್ಟ ಮತ್ತ," ಅಂದ ಕೌಂಟರಿನವ.

"ಆ ಮಶೀನ್ ರಿಪೇರಿ ಆಗೂತನಾ ಬರಾವನ ರೀ ನಾ. ಬಾಗಲಾ ಹಾಕಿದ್ರ ಬಾಗಲದಾಗ ಕುಂಡ್ರತೀನಿ."

ಸಂಜಿಕ ಡಯಾಲಿಸಿಸ್ ಮುಗದ ಮ್ಯಾಲೆ ಅಕ್ಕ ಮಲಗಿದಲ್ಲಿಂದನ, "ಎಷ್ಟ ಒದರತಿಯೋ ಹುಚ್ಚಪ್ಪಾ," ಅಂತ ಬೈದ್ಲು. ನಡುವ ಉಸರು ಹಿಡೀದಂಗ ಪೂರಾ ಬೈದ್ಲು.

ಈಗ ಎರಡೂ ಕಡೆ ಊರಿನವ್ರು ಕೂಡಿ ಎರಡೂ ಸರಕಾರಕ್ಕ ಅರ್ಜಿ ಕೊಟ್ಟೀವಿ. ಒಂದ ಕಡೆ ಮಶೀನ್ ಕೆಟ್ರ ಇನ್ನೊಂದ ಕಡೆಯವ್ರು ತಗೋಬೇಕು, ಅಷ್ಟ. ಉತ್ತರ ಬಂದಿಲ್ಲ. ಬರೂತನಾ ಬಿಡಂಗೂ ಇಲ್ಲ. ಅಕ್ಕ ಬದುಕಬೇಕು.

ನಿಮ್ಮನ್ನೂ ಗಡಿ ಹೆಸರ ಹೇಳಿ ದವಾಖಾನಿ ಬಾಗಲದಾಗ ನಿಲ್ಲಿಸ್ಯಾರೇನ್ರಿ? ಏನಾತು, ನೀವೇನಂದ್ರಿ, ಅಂಜದ ಬರೀರಿ.