ಬೋಳು ಮೇಜಿನ ಮೇಡಂ

ಗಂಡ ಹೆಂಡಿರ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಒಮ್ಮೆ ಎದುರುಬದುರು ಕೂರಿಸಿ ಮಾತಾಡಿಸುವ ಕಚೇರಿ ಅದು. ಅಲ್ಲಿನ ಸಲಹೆಗಾರ್ತಿಯನ್ನು ಎಲ್ಲರೂ ಬೆನ್ನ ಹಿಂದೆ ‘ಬೋಳು ಮೇಜಿನ ಮೇಡಂ’ ಎನ್ನುತ್ತಿದ್ದರು. ಆಕೆಯ ಮೇಜಿನ ಮೇಲೆ ಒಂದು ಗುಂಡುಸೂಜಿಯೂ ಇರುತ್ತಿರಲಿಲ್ಲ. ಬರೆದು ಮುಗಿಸಿದ ಮರುಕ್ಷಣ ಪೆನ್ನು ಡ್ರಾಯರಿಗೆ, ನೀರಿನ ಬಾಟಲಿ ಕಾಲ ಬುಡಕ್ಕೆ.

“ಮೇಡಂ ಮೇಜಿನ ಮೇಲೆ ನೊಣ ಕೂತ್ರೂ ಜಾರಿ ಬೀಳುತ್ತೆ” ಎಂದು ಜವಾನ ನಗುತ್ತಿದ್ದ. ಹೊಸಬರು ಅದನ್ನು ಶಿಸ್ತು ಎಂದುಕೊಳ್ಳುತ್ತಿದ್ದರು. ಜವಾನನಿಗೆ ಮಾತ್ರ ಅದು ಭಯ ಎಂದು ಗೊತ್ತಿತ್ತು.

ಮೊದಲು ಅವಳ ಮೇಜು ಸಂತೆಯಂತೆ ಇರುತ್ತಿತ್ತು. ಗಾಜಿನ ಪೇಪರ್‌ವೇಟು, ಸ್ಟೇಪ್ಲರು, ಮಗಳು ಕೊಟ್ಟ ಪಿಂಗಾಣಿ ಹೂದಾನಿ, ಚೀಟಿಗಳನ್ನು ಚುಚ್ಚಿಡುವ ಕಬ್ಬಿಣದ ಮುಳ್ಳು. ಒಂದು ದಿನ ಒಬ್ಬ ಬಡಗಿ ಹೆಂಡತಿಯ ಜೊತೆ ಬಂದ. ಮಾತು ಬೆಣ್ಣೆಯಷ್ಟು ಮೆತ್ತಗೆ. ಹೆಂಡತಿ “ನಾನು ವಾಪಸ್ ಬರಲ್ಲ” ಎಂದದ್ದೇ ತಡ, ಆ ಮುಳ್ಳನ್ನು ಎತ್ತಿ ತಿರುವಿ, ಚೀಟಿಗಳ ಸಮೇತ ಮೇಜಿನ ಮೇಲಿದ್ದ ಅವಳ ಅಂಗೈಗೆ ಇಳಿಸಿದ. ಮುಳ್ಳು ಅಂಗೈ ದಾಟಿ ಮರಕ್ಕೆ ನಾಟಿತು. ಆ ಹೆಂಗಸು ಕಿರುಚಲಿಲ್ಲ. ಬೇರೆ ಯಾರದೋ ಕೈ ಎಂಬಂತೆ ಅದನ್ನು ನೋಡುತ್ತ ಕೂತಳು. ಕಿರುಚಿದ್ದು ಮೇಡಂ.

ರಕ್ತ ಒರೆಸಿದ ಮೇಲೆ ಮೇಡಂ ಮೇಜಿನ ಮೇಲಿದ್ದದ್ದನ್ನೆಲ್ಲ ಎರಡೂ ಕೈಯಿಂದ ಬಾಚಿ ಡ್ರಾಯರಿಗೆ ತುಂಬಿದಳು. ಅಂದಿನಿಂದ ಯಾವ ವಸ್ತು ಕಂಡರೂ ಅವಳಿಗೆ ಅದು ಯಾರ ತಲೆಗೆ ಬೀಳಬಹುದು ಎಂಬುದೇ ಯೋಚನೆ.

ಮನೆಯಲ್ಲೂ ಇದೇ ಕಥೆ. ಊಟ ಮುಗಿಯುವ ಮೊದಲೇ ಲೋಟ ಎತ್ತುವಳು, ತರಕಾರಿ ಹೆಚ್ಚಿದ ಚಾಕುವನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಡುವಳು. ಅವಳ ಗಂಡ ಬಸ್ ಡ್ರೈವರು, ಇರುವೆಗೂ ದಾರಿ ಬಿಡುವ ಮನುಷ್ಯ. ಒಂದು ದಿನ ತಡೆಯಲಾರದೆ ಕೇಳಿದ: “ಅಲ್ಲ ಕಣೆ, ನನ್ನನ್ನೂ ಆ ಸಾಲಿಗೆ ಸೇರಿಸಿಬಿಟ್ಯಾ?”

“ಹಾಗಲ್ಲ ರೀ…” ಎಂದಳು. ಆತ ತಟ್ಟೆ ತೊಳೆದು ಹೊರಗೆ ಹೋಗಿ ಕೂತ.

ವರ್ಷಗಳು ಕಳೆದವು. ಬೋಳು ಮೇಜು ಹಲವರ ತಲೆ ಉಳಿಸಿತು. ಸಿಟ್ಟೆದ್ದವರ ಕೈ ಮೇಜಿನ ಮೇಲೆಲ್ಲ ತಡಕಾಡಿ, ಏನೂ ಸಿಗದೆ, ನಾಚಿದಂತೆ ಹಿಂದೆ ಸರಿಯುತ್ತಿತ್ತು.

ಆಮೇಲೆ ಗ್ಯಾರೇಜು ಇಟ್ಟಿದ್ದ ಒಬ್ಬ ಬಂದ. ಹೆಂಡತಿಯ ತುಟಿ ಆಗಲೇ ಒಡೆದಿತ್ತು. “ಬಿದ್ದೆ ಮೇಡಂ” ಎಂದಳು. ಗಂಡ ಅವಳ ಪಕ್ಕದಲ್ಲೇ ಕೂತು ಬೆರಳ ಗಂಟು ಮುರಿಯುತ್ತಿದ್ದ.

“ನಿಜ ಹೇಳಮ್ಮ, ಇಲ್ಲಿ ಯಾರೂ ನಿನ್ನ ಮುಟ್ಟಲ್ಲ” ಎಂದಳು ಮೇಡಂ.

“ಹೊಡೀತಾರೆ” ಎಂಬ ಒಂದೇ ಮಾತು ಅವಳ ಬಾಯಿಂದ ಬಂತು. ಅವನ ಕೈ ಮೇಜಿನ ಮೇಲೆ ಒಮ್ಮೆ ಹರಿದಾಡಿತು. ಏನೂ ಸಿಗದಾಗ ಹೆಂಡತಿಯ ಜುಟ್ಟು ಹಿಡಿದು, ಆ ನುಣುಪು ಮೇಜಿಗೇ ಅವಳ ಮುಖ ಬಡಿದ. ಮತ್ತೆ ಎತ್ತಿದ, ಮತ್ತೆ ಬಡಿದ. ಹಲ್ಲೊಂದು ಉರುಳಿ ಬಂದು ಮೇಡಂ ಮುಂದೆ ನಿಂತಿತು.

ಮೇಡಂ ಡ್ರಾಯರು ಎಳೆದ ರಭಸಕ್ಕೆ ಅದು ಪೂರ್ತಿ ಕಿತ್ತು ಕೈಗೆ ಬಂತು. ಒಳಗಿದ್ದ ಗಾಜು, ಕಬ್ಬಿಣ, ಪಿಂಗಾಣಿಯ ಸಮೇತ ಅದನ್ನೆತ್ತಿ ಅವನ ಕಿವಿಯ ಮೇಲೆ ಅಪ್ಪಳಿಸಿದಳು. ಅವನು ಬಿದ್ದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಬಿದ್ದವನು ತೋಳಿನಿಂದ ಮುಖ ಮುಚ್ಚಿಕೊಂಡದ್ದೂ ಅವಳಿಗೆ ಕಂಡಿತು. ಆದರೂ ಮೇಜು ಸುತ್ತಿಕೊಂಡು ಹೋಗಿ ಮತ್ತೆ ಹೊಡೆದಳು. ಮೊಣಕೈ ಮುರಿದ ಸದ್ದು ಹೊರಗಿದ್ದ ಜವಾನನಿಗೂ ಕೇಳಿತು.

ಜವಾನ ಓಡಿ ಬಂದಾಗ ಗ್ಯಾರೇಜಿನವನ ಹೆಂಡತಿ, ಬಾಯ್ತುಂಬ ರಕ್ತ ಇಟ್ಟುಕೊಂಡು, ಮೇಡಂ ಮುಖ ಪರಚುತ್ತಿದ್ದಳು. “ನನ್ನ ಗಂಡನ ಮೇಲೆ ಕೈ ಮಾಡೋಕೆ ನೀನ್ಯಾವಳೇ?”

ಮೇಡಂ ತಪ್ಪಿಸಿಕೊಳ್ಳಲಿಲ್ಲ. ಜವಾನ ಇಬ್ಬರನ್ನೂ ಬಿಡಿಸಿದ.

ವಿಚಾರಣೆ ನಡೆಯಿತು. ಗ್ಯಾರೇಜಿನವನೇ ಮೊದಲು ಕೈ ಮಾಡಿದ್ದಕ್ಕೆ ಆ ಹಲ್ಲೇ ಸಾಕ್ಷಿಯಾಗಿ, ಎಚ್ಚರಿಕೆಯಷ್ಟೇ ಕೊಟ್ಟು ಮೇಡಮ್ಮನ್ನು ಬಿಟ್ಟರು. “ನಾಳೆಯಿಂದ ನಿಮ್ಮ ಕುರ್ಚಿಗೇ ಬನ್ನಿ” ಎಂದರು ಮೇಲಧಿಕಾರಿ.

“ಬೇಡ ಸಾರ್, ಟೈಪಿಂಗ್ ವಿಭಾಗಕ್ಕೆ ಹಾಕಿ.”

“ಯಾಕಮ್ಮ? ಅವನಿಗೆ ಅದೇ ಆಗಬೇಕಿತ್ತು.”

ಅವಳು ತಲೆ ತಗ್ಗಿಸಿ ಅದೇ ಮಾತನ್ನು ಮತ್ತೆ ಹೇಳಿದಳು. ಕಾರಣ ಹೇಳಿದ್ದು ಮನೆಯಲ್ಲಿ, ಗಂಡ ಅವಳ ಕೆನ್ನೆಯ ಗೀರಿಗೆ ಮುಲಾಮು ಹಚ್ಚುವಾಗ.

“ಎರಡನೇ ಏಟು ಬೇಕಿರಲಿಲ್ಲ ರೀ. ಕೈಗೆ ರುಚಿ ಹತ್ತಿಬಿಡ್ತು.”

ಅವನ ಬೆರಳು ಅವಳ ಕೆನ್ನೆಯ ಮೇಲೆ ಕ್ಷಣ ನಿಂತಿತು. “ನೋಯ್ತಿದ್ಯಾ?” ಎಂದ. ಆಮೇಲೆ ಉಳಿದ ಗೀರಿಗೂ ಮೆಲ್ಲಗೆ ಹಚ್ಚಿದ.