ಹಾಡಿನಲ್ಲಿಲ್ಲದ ಡ್ರಮ್ಮರ್

ಕಟಿಂಗ್ ಶಾಪಿನವರ ಮಗ ಚಿಕ್ಕಂದಿನಿಂದ ಕೈ ಸುಮ್ಮನಿಟ್ಟವನಲ್ಲ. ಬಾಗಿಲು, ಡಬ್ಬಿ, ತಂಗಿಯ ಬೆನ್ನು, ಏನು ಸಿಕ್ಕರೂ ಬಡಿಯುತ್ತಿದ್ದ. ಹಾಗಾಗಿ ‘ಡಬ್ಬಿ’ ಎಂಬ ಹೆಸರೇ ನಿಂತುಹೋಯಿತು. ದೊಡ್ಡವನಾದ ಮೇಲೆ ಹಗಲು ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ, ಸಂಜೆ ಗೆಳೆಯರ ‘ನ್ಯೂ ವೇವ್’ ಶೈಲಿಯ ಪಾಪ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ.

ಅವರ ಕಾರ್ಯಕ್ರಮ ಕೇಳಿದ ನಿರ್ದೇಶಕನೊಬ್ಬ ತನ್ನ ಸಿನಿಮಾಕ್ಕೆ ಥೀಮ್ ಸಾಂಗ್ ಮಾಡಿಕೊಡಲು ಕರೆದ. ಅಪ್ಪ ಖುಷಿಯಿಂದ ತಾವೇ ಮಗನ ಗಡ್ಡ ಬೋಳಿಸಿ ಸ್ಟುಡಿಯೋಗೆ ಕಳಿಸಿದರು.

ಸ್ಟುಡಿಯೋದಲ್ಲಿ ಹೆಡ್‌ಫೋನಿನೊಳಗಿನ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಬಾರಿಸಬೇಕಿತ್ತು. ಡಬ್ಬಿಯ ಕೈ ಪಲ್ಲವಿ ಮುಗಿಯುವಷ್ಟರಲ್ಲಿ ಆ ಸದ್ದನ್ನು ಹಿಂದೆ ಹಾಕಿ ಓಡಿರುತ್ತಿತ್ತು. ಎಷ್ಟು ಸಲ ಮಾಡಿದರೂ ಅದೇ ಕಥೆ. ಕೊನೆಗೆ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗಿ ಅವನ ಮುಖ ನೋಡದೆ ಹೇಳಿದಳು:

“ಬೇಜಾರ್ ಮಾಡ್ಕೋಬೇಡ. ಇದೊಂದಕ್ಕೆ ಮಶೀನಲ್ಲೇ ತಾಳ ಹಾಕ್ತೀವಿ.”

“ಹಾಕ್ರಪ್ಪ, ನಂಗೇನು!” ಎಂದು ನಕ್ಕ. ಡ್ರಮ್ ಕಡ್ಡಿಗಳನ್ನು ಚೀಲಕ್ಕೆ ತುರುಕಿದ.

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಸಿನಿಮಾ ಓಡಿತು, ಹಾಡು ಅದಕ್ಕಿಂತ ಜೋರಾಗಿ ಓಡಿತು. ಪರದೆಯ ಮೇಲೆ ಬ್ಯಾಂಡಿನವರ ಹೆಸರುಗಳ ಜೊತೆ ಅವನದೂ ಬಂತು. ಅಪ್ಪ ಅಂಗಡಿಯಲ್ಲಿ ಅದೇ ಹಾಡು ಹಾಕುತ್ತ, ಕುರ್ಚಿಗೆ ಬಂದವರಿಗೆಲ್ಲ “ಈ ಬಡಿತ ಇದ್ಯಲ್ಲ, ನಮ್ ಡಬ್ಬೀದು” ಎನ್ನುತ್ತಿದ್ದರು. ಡಬ್ಬಿ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟು, ಟೈರ್ ಅಂಗಡಿಗೆ ಮಾರುಕಟ್ಟೆ ಸುತ್ತಿಕೊಂಡು ಹೋಗತೊಡಗಿದ.

ಒಂದು ಬೆಳಿಗ್ಗೆ ಅಪ್ಪನಿಗೆ ಬುತ್ತಿ ಕೊಡಲು ಅಂಗಡಿಗೆ ಹೋಗಲೇಬೇಕಾಯಿತು. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡು ಕೂತಿದ್ದವರು ಆ ಸಿನಿಮಾದ ಸೌಂಡ್ ಇಂಜಿನಿಯರ್. ಅಪ್ಪನಿಗೆ ಅದು ಗೊತ್ತಿಲ್ಲ. ಎಂದಿನಂತೆ ಮಗನ ಬಡಿತದ ಮಾತು ತೆಗೆದರು.

“ಯಜಮಾನ್ರೇ, ಅದು ಮಶೀನು. ರೆಕಾರ್ಡಿಂಗ್ ಮಾಡಿದ್ದೇ ನಾನು” ಎಂದರು ಅವರು, ಕೆಟ್ಟ ಮನಸ್ಸಿಲ್ಲದೆ.

ಅಪ್ಪನ ಕತ್ತಿ ಜಾರಿತು. ಬಿಳಿ ನೊರೆಯಲ್ಲಿ ಸಣ್ಣ ಕೆಂಪು ಗೆರೆ ಮೂಡಿತು. ಅಪ್ಪ “ಕ್ಷಮಿಸಿ ಸ್ವಾಮಿ” ಎನ್ನುತ್ತ ರಕ್ತ ನಿಲ್ಲಿಸಲು ಪಟಿಕ ಹುಡುಕುವಾಗ ಕನ್ನಡಿಯಲ್ಲಿ ಬಾಗಿಲ ಬಳಿಯ ಮಗನನ್ನು ಕಂಡರು. ಡಬ್ಬಿ ಊಟವನ್ನು ಬೆಂಚಿನ ಮೇಲಿಟ್ಟು ಓಡಿಬಿಟ್ಟ.

ಅಂದು ಮನೆಯಲ್ಲಿ ಅಪ್ಪ ಬೈಯಲಿಲ್ಲ. ಮರುದಿನ ಅಂಗಡಿಯಲ್ಲಿ ಆ ಹಾಡೂ ಇಲ್ಲ, ‘ನಮ್ ಡಬ್ಬೀದು’ ಎಂಬ ಮಾತೂ ಇಲ್ಲ. ಅಪ್ಪನನ್ನು ತಾನು ನಾಲ್ಕು ಜನರೆದುರು ಸುಳ್ಳುಗಾರನನ್ನಾಗಿ ಮಾಡಿದೆನೆಂಬುದು ಡಬ್ಬಿಯನ್ನು ಕೊರೆಯಿತು. ಭಾನುವಾರ ಅಂಗಡಿಯ ಬೆಂಚು ಭರ್ತಿಯಾಗಿದ್ದಾಗ ಒಳಗೆ ಬಂದು ನಿಂತ.

“ಎಲ್ರೂ ಕೇಳಿ. ಆ ಹಾಡಲ್ಲಿ ಬಾರ್ಸಿದ್ದು ನಾನಲ್ಲ. ನಂಗೆ ಆಗ್ಲಿಲ್ಲ, ಮಶೀನ್ ಹಾಕಿದ್ರು. ಅಪ್ಪಂಗೆ ನಾನೇ ಮುಚ್ಚಿಟ್ಟಿದ್ದೆ.”

ಯಾರೋ ಕಿಸಕ್ಕೆಂದರು. ಪೇಪರು ಓದುತ್ತಿದ್ದವರೊಬ್ಬರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಅಪ್ಪ ಗಿರಾಕಿಯ ಕುತ್ತಿಗೆಯ ಕೂದಲು ಝಾಡಿಸಿ ಮುಗಿಸುವವರೆಗೂ ತಿರುಗಲಿಲ್ಲ.

“ನಂಗಾದ್ರೂ ಹೇಳ್ಬಾರ್ದಿತ್ತೇನೋ?” ಎಂದರು ಕೊನೆಗೆ.

“ನಾಚ್ಕೆ ಆಯ್ತಪ್ಪ.”

“ಈಗ?”

“ಈಗ್ಲೂ.”

ಅಪ್ಪ ಮುಂದಿನವರನ್ನು ಕುರ್ಚಿಗೆ ಕರೆದರು. ಡಬ್ಬಿ ಮೂಲೆಯ ಪೊರಕೆ ತೆಗೆದುಕೊಂಡು ನೆಲದ ಕೂದಲು ಗುಡಿಸತೊಡಗಿದ. ಆಮೇಲೆ ಕೆಲವರು ಅವನನ್ನು ‘ಮಶೀನ್’ ಎಂದೇ ಕರೆದರು, ಅವನು ಓಗೊಟ್ಟ. ಟೈರ್ ಅಂಗಡಿಗೆ ಮಾತ್ರ ಮತ್ತೆ ಅಪ್ಪನ ರಸ್ತೆಯಲ್ಲೇ, ತಲೆ ತಗ್ಗಿಸಿಕೊಂಡೇ ಆದರೂ, ಹೋಗತೊಡಗಿದ.