ಮನೆಮಾತಿನಲ್ಲಿ ಬರೆದ ಉತ್ತರ

ಮೊನ್ನೆ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತವರೊಬ್ಬರು ನಸ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಮೊಮ್ಮಕ್ಕಳನ್ನು ಕಂಡ ಹೆಂಗಸು ನಾನು, ಯಾರೋ ಗುರುತಿಲ್ಲದವರಿಗೆ ಹೆದರಿ ನೆಟ್ಟಗೆ ಕುಳಿತೆ! ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರಿಗಿಂತ ಮೊದಲು ತರಗತಿಗೆ ಬರುತ್ತಿದ್ದದ್ದು ಅದೇ ವಾಸನೆ.

ಅರುವತ್ತರ ದಶಕದ ಮಾತು. ನಾನು ನಮ್ಮ ಹಳ್ಳಿ ಆಲೆಟ್ಟಿಯಿಂದ ಬಂದು ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದೆ. ಒಂದೇ ಒಂದು ವಿಷಯದಲ್ಲಿ ಫೇಲಾದರೂ ಶಾಲೆ ಬಿಡಿಸಿ ಮದುವೆ ಮಾಡುವುದೆಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಗಂಡೂ ನೋಡಿ ಆಗಿತ್ತು...

ವರ್ಷದ ಕೊನೆಯ ಪರೀಕ್ಷೆಯಲ್ಲಿ ಪಂಡಿತರು ಹಳಗನ್ನಡದ ಒಂದು ಪದ್ಯ ಕೊಟ್ಟರು. ಯುದ್ಧದಲ್ಲಿ ಸತ್ತ ಮಗನನ್ನು ತಾಯಿ ಎಬ್ಬಿಸುವ ಸಂದರ್ಭ. "ಪುಸ್ತಕದ ಭಾಷೆ ಬೇಡ. ಆ ತಾಯಿಯ ಮಾತನ್ನು ಮನೆಯಲ್ಲಿ ಅಮ್ಮ ಮಾತಾಡುವ ಹಾಗೆ ಬರೆಯಿರಿ" ಎಂದರು. ಮನೆಯಲ್ಲಿ ತುಳು ಮಾತಾಡುವ ಮಕ್ಕಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಶಾಲೆಯ ಕನ್ನಡದಲ್ಲೇ ಬರೆದರು. ನಾನೊಬ್ಬಳು ಪೆದ್ದಿ, ನಮ್ಮ ಅವ್ವ ಮನೆಯಲ್ಲಿ ಆಡುವ ಅರೆಭಾಷೆ ಎಂಬ ಕನ್ನಡದಲ್ಲಿ ಬರೆದೆ. "ಏಳ್ ಕುಂಞ, ಹೊತ್ತಾತ್", ಏಳು ಮಗೂ ಹೊತ್ತಾಯಿತು, ಎಂದು ಶುರು ಮಾಡಿದವಳು ಪುಟ ತುಂಬುವ ತನಕ ನಿಲ್ಲಲಿಲ್ಲ.

ಹೊರಗೆ ಬಂದು ಗೆಳತಿಗೆ ಹೇಳಿದರೆ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಎಂತ ಮಾರಾಯ್ತಿ, ಅರೆಭಾಷೆಯಲ್ಲಿ ಬರೆದದ್ದಾ? ನಿನ್ನ ಕತೆ ಮುಗೀತು!"

ಮೂರನೆಯ ದಿನ ಪಂಡಿತರು ಕರೆಸಿದರು. ಪೆಟ್ಟು ತಿನ್ನಲೆಂದು ನಾನಾಗಿಯೇ ಕೈ ಚಾಚಿ ನಿಂತೆ. ಅವರು ಬೆತ್ತ ಮುಟ್ಟಲಿಲ್ಲ. ಬಾಗಿಲ ತನಕ ಹೋಗಿ ಆಚೀಚೆ ನೋಡಿ ಬಂದರು.

"ಇದು ಸರಿ ಉಂಟು" ಎಂದರು, ಪಿಸುದನಿಯಲ್ಲಿ. "ಓದುವಾಗ ನನಗೇ ಕಣ್ಣೀರು ಬಂತು. ಆದರೆ ನಾಳೆ ಇನ್‌ಸ್ಪೆಕ್ಟರು ಬರುದುಂಟು, ಪೇಪರೆಲ್ಲ ನೋಡ್ತಾರೆ, ಅವರಿಗೆ ಪುಸ್ತಕದ ಕನ್ನಡವೇ ಆಗ್ಬೇಕು. ಇದಕ್ಕೆ ಮಾರ್ಕು ಕೊಟ್ರೆ ನನ್ನ ಕೆಲಸ ಉಳಿಯುದಿಲ್ಲ. ಕೊಡದಿದ್ರೆ ನೀನು ಫೇಲು. ಕೂತು ಬೇರೆ ಬರೆ ಮಗಾ."

ಬೆರಳಲ್ಲಿ ಹಿಡಿದ ನಸ್ಯವನ್ನು ಏರಿಸಲು ಮರೆತು ಅವರು ಮತ್ತೆ ಬಾಗಿಲ ಕಡೆ ನೋಡಿದರು. ಇಡೀ ಶಾಲೆ ಯಾರಿಗೆ ಹೆದರುತ್ತಿತ್ತೋ ಅವರೇ ಹೆದರಿದ್ದನ್ನು ಕಂಡು ನನ್ನ ಹೆದರಿಕೆ ಇನ್ನಷ್ಟು ಹೆಚ್ಚಿತು. ಬೇರೆ ಹಾಳೆಯಲ್ಲಿ "ಎಲೈ ಪುತ್ರನೇ, ಎದ್ದೇಳು" ಎಂದು ಬರೆದುಕೊಟ್ಟೆ. ಮೊದಲಿನದನ್ನು ಅವರು ಹರಿದರು. ಚೂರುಗಳನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಕೋಟಿನ ಜೇಬಿಗೆ ತುಂಬಿಕೊಂಡರು.

ನಾನು ಪಾಸಾದೆ. ಆ ಮದುವೆ ತಪ್ಪಿತು, ಮುಂದೆ ಓದಿ ಕನ್ನಡ ಟೀಚರೂ ಆದೆ. ಪಂಡಿತರು ತೀರಿಕೊಂಡದ್ದು ನನಗೆ ತಿಳಿದಾಗ ತಿಂಗಳೇ ಕಳೆದಿತ್ತು... ಎದುರು ನಿಂತು ಒಂದು ಮಾತು ಹೇಳಲಾಗಲಿಲ್ಲ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನಿವೃತ್ತಿಯ ತನಕ ನಾನೂ ಮೇಲಿನವರಿಗೆ ಹೆದರಿಕೊಂಡೇ ಪಾಠ ಮಾಡಿದೆ. ಮಕ್ಕಳು ಮನೆಮಾತಿನಲ್ಲಿ ಬರೆದಲ್ಲೆಲ್ಲ ಕೆಂಪು ಗೆರೆ ಎಳೆದೆ. ಪಂಡಿತರು ನನ್ನನ್ನು ಹತ್ತಿರ ಕರೆದು ಬರೆದದ್ದು ಸರಿಯೆಂದಾದರೂ ಹೇಳಿದ್ದರು. ನಾನು ಒಂದು ಮಗುವಿಗೂ ಹೇಳಲಿಲ್ಲ.